ಹಬ್ಬದ ಮಾರನೇ ದಿನದ ದೇವಿ

ಈ ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಇಪ್ಪತ್ತು ದಿನ ಇರುವಾಗ ಬನಶಂಕರಿ ಎರಡನೇ ಹಂತದ ಒಬ್ಬರು ಹೆಂಗಸು ಬ್ಲೌಸ್ ಹೊಲಿಸಲು ಬಂದಿದ್ದರು. ನನ್ನ ಹಳೆಯ ಗಿರಾಕಿ. ಬಟ್ಟೆ ಕೊಟ್ಟರು, ಅಳತೆಗೆ ಹಳೇ ಬ್ಲೌಸ್ ಕೊಟ್ಟರು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ ಕೇಳಿದರು:

"ಆ ಹುಡುಗ ಈಗ ಎಲ್ಲಿದಾನೆ ಗೊತ್ತೇನ್ರೀ? ನಮ್ಮನೆ ದೇವಿಗೆ ಸೀರೆ ಉಡಿಸ್ತಿದ್ನಲ್ಲ, ಅವನು. ಅವನ ಥರ ನೆರಿಗೆ ಹಿಡಿಯೋರು ಒಬ್ರೂ ಸಿಗ್ತಿಲ್ಲ."

"ಬೆಂಗಳೂರಲ್ಲಿಲ್ಲ" ಎಂದೆ.

"ಓ, ಹೌದಾ" ಎಂದು ಹೋದರು.

ಮೂರು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತು ಇವರೇ, "ಅವನು ಅಲಂಕಾರ ಮಾಡಿದ ಫೋಟೋ ಎಲ್ಲಾ ಫೋನಿಂದ ಅಳಿಸ್ಬಿಟ್ಟೆ, ಮೈಯೆಲ್ಲಾ ಉರೀತು" ಎಂದಿದ್ದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತರಿಸಿದೆ. ಸಂಜೆ ಕೂತು ಇದನ್ನು ಬರೆಯಲು ಶುರುಮಾಡಿದೆ.

ಅವನ ಹೆಸರು ಬರೆಯುವುದಿಲ್ಲ. ಕೋರ್ಟಿನ ಬಾಗಿಲಲ್ಲಿ ಅದನ್ನು ಬೇಕಾದಷ್ಟು ಸಲ ಕೂಗಿದ್ದಾರೆ.

ನಾನು ಅವನನ್ನು ಮೊದಲು ನೋಡಿದ್ದು ಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ. ಆಗ ನನಗೆ ನಲವತ್ತೆಂಟು. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಟೈಲರಿಗೆ ಅದಕ್ಕಿಂತ ದೊಡ್ಡ ಕಾಯಿಲೆ ಬೇಡ. ಅಂಗಡಿಯಲ್ಲಿ ಎಲ್ಲರಿಗೂ ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಅವನು ನನ್ನ ಕುತ್ತಿಗೆಯನ್ನು ನೋಡಿದ. ನಾನು ಅವಸರದಲ್ಲಿ ಬಂದಿದ್ದೆ, ಅಳತೆಯ ಟೇಪು ಅಲ್ಲೇ ಜೋತಾಡುತ್ತಿತ್ತು. ಒಳಗೆ ಹೋಗಿ ಸೂಜಿ ದಾರ ತಂದು ನನ್ನ ಮುಂದಿಟ್ಟು, ಒಂದೊಂದೇ ಗಾಜು ಬದಲಾಯಿಸುತ್ತ, "ಇದ್ರಲ್ಲಿ ಪೋಣಿಸಿ ನೋಡಿ. ಆಗ್ಲಿಲ್ವಾ? ಇದ್ರಲ್ಲಿ?" ಎಂದು ಕೇಳುತ್ತ ಹೋದ. ನಾಲ್ಕನೆಯ ಗಾಜಿಗೆ ದಾರ ಒಳಗೆ ಹೋಯಿತು. "ಇದೇ ನಿಮ್ಮ ಪವರ್" ಎಂದ. ಆಮೇಲೆ ದನಿ ತಗ್ಗಿಸಿ, "ಮೇಡಂ, ನೀವು ಬ್ಲೌಸ್ ಹೊಲೀತೀರಾ?" ಎಂದ.

"ಹೂಂ. ಯಾರಿಗೆ? ಮನೆಯವ್ರಿಗಾ?"

"ನಂಗೇ."

ಮೂವತ್ತರ ಆಸುಪಾಸಿನ ಗಂಡಸು. ತೆಳ್ಳಗೆ ಕತ್ತರಿಸಿದ ಮೀಸೆಯೂ ಇರಲಿಲ್ಲ, ಅಷ್ಟೇ ವಿಶೇಷ. ನಾನು ವಿಳಾಸ ಬರೆದುಕೊಟ್ಟೆ. ಭಾನುವಾರ ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಗೆ ಬಂದ. ಮುಂದಿನ ಕೋಣೆಯಲ್ಲೇ ನನ್ನ ಎರಡು ಮಷಿನ್ನು. ನನ್ನ ಗಂಡ ಕಾರ್ಖಾನೆಯ ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದರು, ಪೇಪರು ಹಿಡಿದು ಅಲ್ಲೇ ಕೂತಿದ್ದರು. ನಾನು ಗಂಡಸಿನ ಎದೆಗೆ ಟೇಪು ಸುತ್ತುವುದನ್ನು ನೋಡಿ ಪೇಪರು ಮಡಿಸಿಕೊಂಡು ಎದ್ದು ಒಳಗೆ ಹೋದರು.

ಶನಿವಾರದ ಸಂಜೆಗಳಲ್ಲಿ ಅವನು ಜೆ.ಪಿ. ನಗರದ ಒಂದು ಕೆಫೆಯಲ್ಲಿ ಡ್ರ್ಯಾಗ್ ಶೋ ಮಾಡುತ್ತಿದ್ದ. ಆ ಮಾತು ನನಗೆ ಗೊತ್ತಿರಲಿಲ್ಲ. ಅವನೇ ವಿವರಿಸಿದ: "ಹೆಂಗಸಿನ ವೇಷ ಹಾಕ್ತೀವಿ ಅಕ್ಕ. ಹಾಡ್ತೀವಿ, ಕುಣೀತೀವಿ, ಜನಾನ ನಗಿಸ್ತೀವಿ. ಕೆಲವು ಸಲ ಸುಮ್ಮನೆ ಮಾತಾಡ್ತೀವಿ."

"ಆಗ ನಿನ್ನನ್ನ ಏನಂತ ಕರೀಬೇಕು? ಅವನು ಅಂತಲೋ, ಅವಳು ಅಂತಲೋ?"

"ವೇಷದಲ್ಲಿದ್ರೆ ಅವಳು. ಕನ್ನಡಕದ ಅಂಗಡೀಲಿ ಅವನು. ನಿಮ್ಮನೇಲಿ ಹೆಂಗೆ ಬಾಯಿಗೆ ಬರುತ್ತೋ ಹಂಗೆ ಕರೀರಿ, ಬೇಜಾರಿಲ್ಲ."

ನನ್ನ ಬಾಯಿಗೆ ಅವನು ಎಂದೇ ಬಂತು. ಹಾಗೆಯೇ ಉಳಿಯಿತು.

ಅವನ ಮೈಗೆ ಬ್ಲೌಸ್ ಹೊಲಿಯುವುದು ಸುಲಭವಿರಲಿಲ್ಲ. ಭುಜ ಅಗಲ, ಸೊಂಟ ಇಲ್ಲವೇ ಇಲ್ಲ. ಎದೆಗೆ ಸ್ಪಂಜು ಒಳಗಿಟ್ಟು ಹೊಲಿಯಬೇಕು, ಕೈ ಎತ್ತಿದರೆ ಅದು ಜರುಗಬಾರದು. ಮೂರು ಸಲ ಬಿಚ್ಚಿ ಹೊಲಿದೆ. ಹಾಕಿ ನೋಡುವಾಗ ಅವನು ಕನ್ನಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಳ್ಳುವ ತನಕ ತಿರುಗಿ ನೋಡುತ್ತಲೇ ಇರಲಿಲ್ಲ. ಪಿನ್ನು ಕಡಿಮೆ ಹಾಕುತ್ತಿದ್ದ. "ಪಿನ್ನು ಜಾಸ್ತಿ ಚುಚ್ಚಿದ್ರೆ ಸೀರೆಗೆ ಉಸಿರು ಕಟ್ಟುತ್ತೆ ಅಕ್ಕ" ಎನ್ನುತ್ತಿದ್ದ. ಹೋಗುವಾಗ ನೆಲದ ಮೇಲೆ ಬಿದ್ದ ದಾರದ ಚೂರುಗಳನ್ನು ಆರಿಸಿ ಕಸದ ಡಬ್ಬಿಗೆ ಹಾಕಿಯೇ ಹೋಗುತ್ತಿದ್ದ. ಅದು ನನ್ನ ಕೆಲಸ ಎಂದರೂ ಕೇಳುತ್ತಿರಲಿಲ್ಲ.

ಅವನಿಗೆ ದೇವರೆಂದರೆ ಭಕ್ತಿ. ಇದನ್ನು ಆಮೇಲೆ ಯಾರೂ ನಂಬಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶುಕ್ರವಾರ ದೀಪ ಹಚ್ಚದೆ ಊಟ ಮಾಡುತ್ತಿರಲಿಲ್ಲ. ಶ್ರಾವಣದಲ್ಲಿ ಅವನು ನಮ್ಮ ಕಡೆಯ ಮನೆಗಳಿಗೆ ದೇವಿಯ ಅಲಂಕಾರಕ್ಕೆ ಹೋಗುತ್ತಿದ್ದ. ಅವನನ್ನು ಆ ಮನೆಗಳಿಗೆ ಪರಿಚಯ ಮಾಡಿದ್ದೂ ನಾನೇ. ಹಬ್ಬದ ಹಿಂದಿನ ಸಂಜೆ ಕಳಸದ ಹಿಂದೆ ಕೋಲು ಕಟ್ಟಿ ಭುಜ ಮಾಡಿ, ಅದಕ್ಕೆ ಒಂಬತ್ತು ಗಜದ ಸೀರೆ ಉಡಿಸಿ, ಬೆಳ್ಳಿಯ ಮುಖ ಕೂರಿಸುತ್ತಿದ್ದ. ಕೆಲವರು ಆಳೆತ್ತರದ ಬೊಂಬೆಯನ್ನೇ ತರಿಸಿ ಉಡಿಸುತ್ತಿದ್ದರು. ಅಲಂಕಾರ ಮುಗಿಯುವ ತನಕ ಅವನು ನೀರೂ ಕುಡಿಯುತ್ತಿರಲಿಲ್ಲ ಎಂದು ಆ ಮನೆಯ ಹೆಂಗಸರೇ ನನ್ನ ಹತ್ತಿರ ಹೊಗಳುತ್ತಿದ್ದರು. ಶನಿವಾರದ ವೇಷ ಅವರಿಗೆ ಗೊತ್ತಿರಲಿಲ್ಲ. ಅವನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಒಂದು ವರ್ಷ ಆಷಾಢದಲ್ಲಿ ಹಸಿರು ಅಂಚಿನ ಕೆಂಪು ರೇಷ್ಮೆ ತುಂಡು ತಂದುಕೊಟ್ಟ. "ಇದಕ್ಕೆ ಮೊಣಕೈವರೆಗೂ ತೋಳು ಇಡಿ ಅಕ್ಕ. ಹಳೇ ಕಾಲದ ಥರ. ಈ ಸಲ ನಗಿಸೋ ಶೋ ಅಲ್ಲ" ಎಂದ.

"ಮತ್ತೆ?"

"ದೇವಿ ಮಾಡ್ತೀನಿ. ಹಬ್ಬದ ಮಾರನೇ ದಿನದ ದೇವಿ."

ಅಳತೆ ಕೊಡುತ್ತಲೇ ಪೂರ್ತಿ ಹೇಳಿದ. ದೇವಿ ಸರ್ವಾಲಂಕಾರದಲ್ಲಿ ಕೂತಿರುತ್ತಾಳೆ. ಮಂಗಳಾರತಿ ಆಗುತ್ತದೆ. ಮಾರನೇ ಬೆಳಿಗ್ಗೆ ಮನೆಯವರೆಲ್ಲ ಆಫೀಸಿಗೆ, ಸ್ಕೂಲಿಗೆ ಓಡುತ್ತಾರೆ. ಕಳಸ ಕದಲಿಸಿದ್ದಾಗಿದೆ, ಇನ್ನು ಎಲ್ಲ ತೆಗೆದಿಡಬೇಕು, ಆದರೆ ತೆಗೆಯಲು ಯಾರಿಗೂ ಹೊತ್ತಿಲ್ಲ. ಕೊನೆಗೆ ದೇವಿಯೇ ಎದ್ದು ತನ್ನ ಒಡವೆ ತಾನೇ ತೆಗೆದು ಡಬ್ಬಿಗೆ ಹಾಕುತ್ತಾಳೆ, ಸೀರೆ ತಾನೇ ಬಿಚ್ಚಿ ಮಡಿಸುತ್ತಾಳೆ, ಮಡಿಸುತ್ತ ಮನೆಯವರೊಡನೆ ಮಾತಾಡುತ್ತಾಳೆ. ಸವುರಿ ಕೂದಲು ತೆಗೆದಾಗ ಒಳಗಿರುವುದು ಬನಿಯನ್ನು, ಪಂಚೆಯ ಒಬ್ಬ ಗಂಡಸು. ಅವನು ಮಡಿಸಿದ ಸೀರೆಯ ಮುಂದೆ ದೀಪ ಹಚ್ಚಿ ಉದ್ದಂಡ ನಮಸ್ಕಾರ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು.

"ಇದೆಲ್ಲಾ ಎಲ್ಲಿ ಹೊಳೀತು ನಿಂಗೆ?"

"ನಮ್ಮಮ್ಮ ಮನೆಮನೆಗೆ ಪಾತ್ರೆ ತೊಳೆಯೋಕೆ ಹೋಗೋಳು. ಹಬ್ಬದ ದಿನ ಬರಬೇಡ ಅನ್ನೋರು, ಮಾರನೇ ದಿನ ಬೇಗ ಬಾ ಅನ್ನೋರು. ನಾನೂ ಜೊತೇಲಿ ಹೋಗ್ತಿದ್ದೆ. ಹಬ್ಬದ ದಿನದ ದೇವಿನ ನಾನು ದೊಡ್ಡೋನಾಗೋ ತನಕ ನೋಡೇ ಇರಲಿಲ್ಲ ಅಕ್ಕ. ಅರ್ಧ ಬಿಚ್ಚಿದ ದೇವಿನೇ ನೋಡಿದ್ದು. ಕೈ ಮುಗಿದಿದ್ದೂ ಅವಳಿಗೇ."

ನಾನು ತೋಳಿನ ಅಳತೆ ಬರೆದುಕೊಂಡೆ. ಆಮೇಲೆ, "ಬಿಚ್ಚೋವಾಗ ಹುಕ್ಕು ಮುಂದಿದ್ರೆ ನಿಂಗೆ ಸುಲಭ" ಎಂದೆ. ಮುಂದೆಯೇ ಇಟ್ಟೆ. ಹೊಲಿದು ಮುಗಿಸಿದ ಮೇಲೆ ಅವನೇ ಕೇಳಿ ನನ್ನ ಲೇಬಲ್ ಕುತ್ತಿಗೆಯ ಹಿಂದೆ ಹಾಕಿಸಿಕೊಂಡ. ನನ್ನ ಹೆಸರು, ಊರಿನ ಹೆಸರು ಇರುವ ಸಣ್ಣ ಪಟ್ಟಿ. "ದೇವಿ ಬ್ಲೌಸು, ನಿಮ್ಮ ಹೆಸರೂ ಇರಲಿ" ಎಂದ.

ಶೋಗೆ ನನ್ನನ್ನು ಕರೆದಿದ್ದ. ಹಬ್ಬದ ವಾರ, ಕೆಲಸ ಬಹಳ ಇತ್ತು. ಹೋಗಲಿಲ್ಲ.

ಆ ಸಂಜೆ ಕೆಫೆಯಲ್ಲಿ ಇದ್ದವರು ನಲವತ್ತೋ ಐವತ್ತೋ ಜನ. ಒಬ್ಬರೂ ಗಲಾಟೆ ಮಾಡಲಿಲ್ಲವಂತೆ, ಕೆಲವರು ಅತ್ತರಂತೆ. ಎರಡು ದಿನದ ಮೇಲೆ ಒಂದು ವಿಡಿಯೋ ಎಲ್ಲರ ಫೋನಿಗೂ ಬಂತು. ಒಂದು ನಿಮಿಷವೂ ಇಲ್ಲ. ದೇವಿ ಎದ್ದು ನಿಲ್ಲುತ್ತಾಳೆ, ಒಡವೆ ತೆಗೆಯುತ್ತಾಳೆ, ಸೆರಗು ಜಾರಿಸುತ್ತಾಳೆ. ಅಷ್ಟಕ್ಕೇ ನಿಲ್ಲುತ್ತದೆ. ಮಾತಿಲ್ಲ, ಮಾತಿನ ಜಾಗಕ್ಕೆ ಯಾವುದೋ ಸಿನಿಮಾ ಸಂಗೀತ ಹಾಕಿದ್ದರು. ಕೆಳಗೆ ಅವನ ಹೆಸರು, ಅವನ ಅಂಗಡಿಯ ವಿಳಾಸ. ಒಬ್ಬ ಹುಡುಗ ಠಾಣೆಗೆ ಹೋಗಿ ತನ್ನ ಧಾರ್ಮಿಕ ಭಾವನೆಗೆ ಧಕ್ಕೆಯಾಗಿದೆ ಎಂದು ದೂರು ಕೊಟ್ಟ. ಠಾಣೆಯ ಮುಂದೆ ಇಪ್ಪತ್ತು ಮೂವತ್ತು ಜನ ಸೇರಿದರು. ಎಫ್‌ಐಆರ್ ಆಯಿತು. ಅವನನ್ನು ಕರೆಸಿ ಬೆಳಿಗ್ಗೆಯಿಂದ ಸಂಜೆಯ ತನಕ ಕೂರಿಸಿಕೊಂಡರು. ಸೀರೆ, ಬ್ಲೌಸು, ಗಿಲೀಟಿನ ಒಡವೆ ಎಲ್ಲ ಸೀಲು ಹಾಕಿ ತೆಗೆದುಕೊಂಡು ಹೋದರು. ಜಾಮೀನು ಸಿಕ್ಕಿತು. ಇನ್ನು ಮೇಲೆ ಇಂಥ ಶೋ ಮಾಡಕೂಡದು, ಪ್ರತಿ ಶನಿವಾರ ಠಾಣೆಗೆ ಬಂದು ಸಹಿ ಹಾಕಬೇಕು ಎಂದು ಷರತ್ತು. ಕನ್ನಡಕದ ಅಂಗಡಿಯ ಯಜಮಾನರು, "ಕೇಸ್ ಮುಗೀಲಿ, ಆಮೇಲೆ ಬಾ" ಎಂದರು. ಅವರೇನೂ ಕೆಟ್ಟವರಲ್ಲ.

ಒಂದು ವಾರದ ನಂತರ ನಮ್ಮ ಮನೆಗೆ ಪೊಲೀಸರು ಬಂದರು. ಒಬ್ಬ ಸಬ್‌ಇನ್ಸ್‌ಪೆಕ್ಟರ್, ಜೊತೆಗೆ ಒಬ್ಬ ಹೆಂಗಸು ಕಾನ್‌ಸ್ಟೇಬಲ್. ಬರುತ್ತೇವೆ ಎಂದು ಫೋನ್ ಮಾಡಿದ್ದರು. ನನ್ನ ಗಂಡ ಬೆಳಿಗ್ಗೆಯಿಂದ ಒಂದೇ ಮಾತು: "ಗೊತ್ತಿಲ್ಲ ಅಂದ್ಬಿಡು. ಏನ್ ಕೇಳಿದ್ರೂ ಗೊತ್ತಿಲ್ಲ. ಈ ಏರಿಯಾದಲ್ಲಿ ನಾವು ಬಾಳಬೇಕು."

ಸಬ್‌ಇನ್ಸ್‌ಪೆಕ್ಟರ್ ಫೋನಿನಲ್ಲಿ ಬ್ಲೌಸಿನ ಫೋಟೋ ತೋರಿಸಿದರು. ಲೇಬಲನ್ನು ದೊಡ್ಡದು ಮಾಡಿ ತೋರಿಸಿದರು.

"ಇದು ನೀವು ಹೊಲ್ದಿದ್ದೇನಮ್ಮಾ?"

"ಹೌದು ಸಾರ್."

"ಏನಕ್ಕೆ ಅಂತ ಹೊಲಿಸ್ಕೊಂಡ?"

ಗೊತ್ತಿಲ್ಲ ಎಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನನ್ನ ಗಂಡ ಹೇಳಿಕೊಟ್ಟದ್ದು ಅಷ್ಟೇ. ಆದರೆ ನನ್ನ ಬಾಯಿಂದ ಬಂದದ್ದು, "ದೇವರಿಗೆ ಅಂತ ಹೇಳಿದ್ದ ಸಾರ್. ಯಾರದೋ ಮನೇಲಿ ಕೂರಿಸೋ ದೇವಿಗೆ."

"ಇಷ್ಟು ದೊಡ್ಡದಾ?"

"ಆಳೆತ್ತರದ ಬೊಂಬೆ ಇಡ್ತಾರಲ್ಲ ಸಾರ್, ಅದಕ್ಕೆ ಅಂದ. ನಾನು ನಂಬಿದೆ."

ಯಾರೂ ನನ್ನನ್ನು ಹೊಡೆಯಲಿಲ್ಲ, ಹೆದರಿಸಲಿಲ್ಲ. ಆ ಹೆಂಗಸು ಕಾನ್‌ಸ್ಟೇಬಲ್ ನಾನು ಕೊಟ್ಟ ಕಾಫಿ ಕುಡಿದು ಲೋಟ ತಾನೇ ಅಡುಗೆಮನೆಗೆ ತಂದಿಟ್ಟಳು. ಸಬ್‌ಇನ್ಸ್‌ಪೆಕ್ಟರ್ ಬರೆದುಕೊಂಡು, "ಸರಿ ಅಮ್ಮಾ, ಬೇಕಾದ್ರೆ ಕರೀತೀವಿ" ಎಂದು ಹೋದರು. ಅವರು ಹೋದ ಮೇಲೆ ನನ್ನ ಗಂಡ, "ಒಳ್ಳೇದೇ ಮಾಡಿದೆ" ಎಂದರು. ನಾನು ಮಷಿನ್ ಮುಂದೆ ಕೂತೆ. ಯಾರದೋ ಸೀರೆಗೆ ಫಾಲ್ಸ್ ಹಾಕುವುದಿತ್ತು. ಹಾಕಿದೆ.

ಆರು ತಿಂಗಳ ನಂತರ ಒಂದು ಬೆಳಿಗ್ಗೆ ಅವನು ಬಂದ. ಸೊರಗಿದ್ದ. ಕೈಯಲ್ಲಿ ಚಾರ್ಜ್‌ಶೀಟಿನ ಜೆರಾಕ್ಸ್ ಕಟ್ಟು. ನಾನು ಏಳನೇ ಸಾಕ್ಷಿ. ನನ್ನ ಹೇಳಿಕೆಯ ಪುಟ ತೆಗೆದು ಮಷಿನ್ನಿನ ಮೇಲಿಟ್ಟ. 'ಆರೋಪಿಯು ಸದರಿ ರವಿಕೆಯನ್ನು ದೇವಿಯ ವಿಗ್ರಹಕ್ಕೆಂದು ಸುಳ್ಳು ಹೇಳಿ ನನ್ನಿಂದ ಹೊಲಿಸಿಕೊಂಡಿರುತ್ತಾನೆ' ಎಂದಿತ್ತು. ಅದರ ಮೇಲೆಯೇ ಪೊಲೀಸರು ಅವನ ದುರುದ್ದೇಶ ಕಟ್ಟಿದ್ದರು. ಮೊದಲಿಂದಲೂ ಮೋಸದ ಯೋಚನೆ ಇತ್ತು, ದೇವರ ಹೆಸರು ಹೇಳಿ ಒಬ್ಬ ಬಡ ಟೈಲರನ್ನೂ ವಂಚಿಸಿದ ಎಂದು.

ನಾನು ಓದಿ ಮುಗಿಸುವ ತನಕ ಕಾದ. ಆಮೇಲೆ ಬೆರಳಿಟ್ಟು ತೋರಿಸಿದ.

"ನಿಮ್ಮ ಹೆಸರು ತಪ್ಪು ಬರ್ದಿದಾರೆ ನೋಡಿ ಅಕ್ಕ. ಒತ್ತಕ್ಷರ ಬಿಟ್ಟೋಗಿದೆ. ಕೋರ್ಟಿಗೆ ಹೋದಾಗ ಸರಿ ಮಾಡಿಸ್ಕೊಳ್ಳಿ, ಇಲ್ದಿದ್ರೆ ನಿಮಗೆ ತೊಂದ್ರೆ."

ಅಷ್ಟೇ. ಕಾಗದ ಮಡಿಸಿಕೊಂಡ. ಕಾಫಿ ಬೇಡ ಎಂದ, ಶುಕ್ರವಾರವಾಗಿತ್ತು, ಇನ್ನೂ ದೀಪ ಹಚ್ಚಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಗಿಲ ತನಕ ಹೋದೆ. ಅವನು ಆಗಲೇ ರಸ್ತೆ ದಾಟಿದ್ದ.

ಆಮೇಲೆ ಎರಡು ವರ್ಷ ಅವನನ್ನು ನೋಡಲಿಲ್ಲ. ಗಿರಿನಗರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಕೇಳಿದೆ. ಅಲ್ಲೂ ಯಾರೋ ಗುರುತು ಹಿಡಿದು ಬಿಡಿಸಿದರು ಎಂದೂ ಕೇಳಿದೆ. ಶ್ರಾವಣದಲ್ಲಿ ಅವನನ್ನು ಯಾರೂ ಕರೆಯಲಿಲ್ಲ.

ಕೋರ್ಟಿನಿಂದ ನನಗೆ ಸಮನ್ಸ್ ಬಂದದ್ದು ಮಾಘದಲ್ಲಿ. ಹಿಂದಿನ ದಿನ ನನ್ನ ಗಂಡ, "ಅಲ್ಲಿ ಬರ್ದಿರೋದನ್ನೇ ಹೇಳಿ ಬಾ" ಎಂದರು. "ಹೂಂ" ಎಂದೆ. ಧೈರ್ಯ ಮಾಡಿ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಹತ್ತೂವರೆಯಿಂದ ಬೆಂಚಿನ ಮೇಲೆ ಕೂತಿದ್ದೆ. ಅವನು ಎದುರಿನ ಗೋಡೆಗೆ ಒರಗಿ ನಿಂತಿದ್ದ. ಪಕ್ಕದಲ್ಲಿ ಅವನ ವಕೀಲೆ, ಚಿಕ್ಕ ವಯಸ್ಸಿನವಳು. ನನ್ನನ್ನು ನೋಡಿ ಅವನು ತಲೆಯಾಡಿಸಿದ.

ದೂರು ಕೊಟ್ಟ ಹುಡುಗ ಅಂದು ನನಗಿಂತ ಮೊದಲು ಸಾಕ್ಷಿ ಹೇಳಿದ. ಹಿಂದಿನ ಮೂರು ತಾರೀಖಿಗೆ ಬಂದೇ ಇರಲಿಲ್ಲವಂತೆ. ಶೋ ನೋಡಿದ್ದೀರಾ ಎಂದು ವಕೀಲೆ ಕೇಳಿದಳು. ಇಲ್ಲ, ವಿಡಿಯೋ ನೋಡಿದ್ದು ಎಂದ. ಪೂರ್ತಿ ನೋಡಿದ್ದೀರಾ ಎಂದಳು. ಬಂದಷ್ಟು ನೋಡಿದೆ ಎಂದ. ಕಟಕಟೆಯಿಂದ ಇಳಿದವನು ನೇರ ಹೊರಟು ಹೋದ. ಅವನಿಗೆ ಬೇರೆ ಕೆಲಸವಿತ್ತು.

ನನ್ನ ಸರದಿ ಬಂದಾಗ ಸರ್ಕಾರಿ ವಕೀಲರು ಸೀಲು ಒಡೆದು ಬ್ಲೌಸನ್ನು ನನ್ನ ಕೈಗೆ ಕೊಡಿಸಿದರು. ಮಡಿಕೆಯ ಕಡೆ ಬಣ್ಣ ಹೋಗಿತ್ತು, ಇಲಿ ಓಡಾಡಿದ ವಾಸನೆ. ಹುಕ್ಕಿನ ಪಟ್ಟಿ ನೋಡಿದೆ.

"ಇದು ನೀವು ಹೊಲ್ದಿದ್ದೇ?"

"ಹೌದು."

"ಆರೋಪಿ ದೇವರ ವಿಗ್ರಹಕ್ಕೆ ಅಂತ ನಿಮಗೆ ಸುಳ್ಳು ಹೇಳಿದ್ದ, ಅಲ್ವಾ?"

"ಇಲ್ಲ ಸಾರ್. ಅವನು ವೇಷಕ್ಕೆ ಅಂತಲೇ ಹೇಳಿದ್ದ. ಏನ್ ಮಾಡ್ತೀನಿ ಅಂತ ಮೊದಲಿಂದ ಕೊನೇವರೆಗೂ ಹೇಳಿದ್ದ. ಗೊತ್ತಿದ್ದೇ ಹೊಲ್ದೆ."

ಅವರು ಕಡತದಿಂದ ತಲೆ ಎತ್ತಿದರು. "ಪೊಲೀಸ್‌ನೋರ ಮುಂದೆ ಬೇರೆ ಹೇಳಿದೀರಲ್ಲ?"

"ಅದು ನಾನೇ ಕಟ್ಟಿ ಹೇಳಿದ್ದು ಸಾರ್. ಹೆದರಿಕೊಂಡು."

ಈಗ ನನ್ನನ್ನು ಒಳಗೆ ಹಾಕುತ್ತಾರೆ ಎಂದುಕೊಂಡೆ. ನ್ಯಾಯಾಧೀಶರು ನನ್ನನ್ನು ಒಂದು ಸಲ ನೋಡಿ, ಬೆರಳಚ್ಚಿನ ಹುಡುಗಿಗೆ, "ಸಾಕ್ಷಿ ಪ್ರತಿಕೂಲ ಅಂತ ಹಾಕಿಕೊಳ್ಳಿ" ಎಂದರು. ಸರ್ಕಾರಿ ವಕೀಲರು ಇನ್ನೆರಡು ಪ್ರಶ್ನೆ ಕೇಳಿ ಕೂತುಬಿಟ್ಟರು. ನನಗೆ ಸಹಿ ಹಾಕಿಸಿದರು. ಒತ್ತಕ್ಷರ ಸರಿಯಾಗಿತ್ತು. ಮುಂದಿನ ಕೇಸು ಕೂಗಿದರು, ಅದು ಚೆಕ್ ಬೌನ್ಸ್ ಕೇಸು. ಎರಡು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದು ಹತ್ತು ನಿಮಿಷಕ್ಕೆ ಮುಗಿದುಹೋಯಿತು.

ಹೊರಗೆ ಕ್ಯಾಂಟೀನಿನಲ್ಲಿ ಅವನು ಎರಡು ಕಾಫಿ ತಂದ. ನಿಂತುಕೊಂಡೇ ಕುಡಿದೆವು.

"ಇದರಿಂದ ಏನಾದ್ರೂ ಆಗುತ್ತಾ?" ಎಂದು ಕೇಳಿದೆ.

"ಇನ್ನೊಂದು ತಾರೀಖು ಆಗುತ್ತೆ."

"ನಾನು ಅವತ್ತು ಹಂಗೆ ಹೇಳಬಾರದಿತ್ತು."

"ಬಿಡಿ ಅಕ್ಕ" ಎಂದ. ಕೋಪವೂ ಇರಲಿಲ್ಲ, ಸಮಾಧಾನ ಮಾಡುವ ದನಿಯೂ ಅಲ್ಲ. ಬಸ್ಸು ತಪ್ಪಿತು ಎಂದವರಿಗೆ ಬಿಡಿ ಎನ್ನುವಂತೆ ಅಂದ.

ನಾಲ್ಕು ತಿಂಗಳ ನಂತರ ಅವನ ಫೋನು. "ಅಕ್ಕ, ಖುಲಾಸೆ ಆಯ್ತು." "ಒಳ್ಳೇದಾಯ್ತು" ಎಂದೆ. ಆ ಕಡೆ ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳುತ್ತಿತ್ತು. "ನಂಗೇನೂ ಅನ್ನಿಸ್ತಾ ಇಲ್ಲ ಅಕ್ಕ" ಎಂದ. ಅರಸೀಕೆರೆಯಲ್ಲಿ ಅವನ ಸೋದರಮಾವ ಕನ್ನಡಕದ ಅಂಗಡಿ ಇಟ್ಟಿದ್ದರು, ಅಲ್ಲಿಗೆ ಹೋಗುತ್ತೇನೆ ಎಂದ. ಭಾನುವಾರ ಸಾಮಾನು ಸಾಗಿಸುವುದು ಎಂದೂ ಹೇಳಿದ.

ಭಾನುವಾರ ನಾನು ಹೊಸಕೆರೆಹಳ್ಳಿಯ ಅವನ ರೂಮಿಗೆ ಹೋದೆ. ಇದೇ ಮೊದಲು. ಮೂರನೇ ಮಹಡಿ, ಶೀಟಿನ ಮನೆ. ಸಾಮಾನೆಲ್ಲ ಕಟ್ಟಿ ಆಗಿತ್ತು, ಹಾಸಿಗೆ ಒಂದು ಉಳಿದಿತ್ತು. ಗಾಡಿಯವನು ಕೆಳಗೆ ಕಾಯುತ್ತಿದ್ದ. ವೇಷದ ಸಾಮಾನೆಲ್ಲ ಏನು ಮಾಡಿದೆ ಎಂದು ಕೇಳಿದೆ. ಜೊತೆಗೆ ಶೋ ಮಾಡುತ್ತಿದ್ದ ಒಬ್ಬರಿಗೆ ಕೊಟ್ಟೆ ಎಂದ. ಕೋರ್ಟಿನಲ್ಲಿರುವ ಸೀರೆ ಬ್ಲೌಸು ವಾಪಸ್ ಪಡೆಯಲು ಅರ್ಜಿ ಹಾಕಬಹುದೆಂದು ವಕೀಲೆ ಹೇಳಿದ್ದಳಂತೆ. ಅವನು ಹಾಕಿರಲಿಲ್ಲ.

ನಾನು ಆ ಮಾತನ್ನು ಯಾಕೆ ಆಡಿದೆನೋ ಗೊತ್ತಿಲ್ಲ. "ನಾನು ನೋಡ್ಲೇ ಇಲ್ವಲ್ಲ ಅದನ್ನ. ಒಂದು ಸಲ ಮಾಡಿ ತೋರ್ಸ್ತೀಯಾ? ಕೊನೇದಷ್ಟೇ. ಅವಳು ಸೀರೆ ಮಡಿಸ್ತಾ ಮಾತಾಡೋದು."

"ಈಗ್ಲಾ?"

"ಹೂಂ."

ಅವನು ಸುತ್ತ ನೋಡಿ, ಸುತ್ತಿಟ್ಟ ಹಾಸಿಗೆಯ ಮೇಲೆ ಕೂತ. ಪ್ಯಾಂಟು, ಟೀ ಶರ್ಟು. ಬೆನ್ನು ನೆಟ್ಟಗೆ ಮಾಡಿದ. ಎರಡೂ ಕೈ ಮೊಣಕಾಲ ಮೇಲಿಟ್ಟ. ಮುಖ ಅಲುಗಾಡದೆ ನಿಂತಿತು. ಕಣ್ಣು ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತಿತ್ತು. ನನಗೇ ತಿಳಿಯದೆ ಸೆರಗು ಸರಿಮಾಡಿಕೊಂಡೆ. ಅವನು ಎದ್ದ, ಇಲ್ಲದ ಸೀರೆಯ ಒಂದು ತುದಿ ಹಿಡಿದು ಬಾಯಿ ತೆರೆದ.

ಮಾತು ಬರಲಿಲ್ಲ.

ಇನ್ನೊಂದು ಸಲ ಮೊದಲಿಂದ ಕೂತ, ಎದ್ದ, ತುದಿ ಹಿಡಿದ. ತುಟಿ ಅಲುಗಿತು. ನಿಂತಿತು.

"ಬರ್ತಿಲ್ಲ ಅಕ್ಕ" ಎಂದ. "ಏನ್ ಮಾತಿತ್ತು ಅಂತ ಪೊಲೀಸ್‌ನೋರು ಬರೆಸ್ಕೊಂಡ್ರು, ವಕೀಲರು ಬರೆಸ್ಕೊಂಡ್ರು, ಕೋರ್ಟಲ್ಲಿ ಓದಿದ್ರು. ಈಗ ಬಾಯಿ ತೆಗೆದ್ರೆ ಅದೇ ಬರುತ್ತೆ. ಆರೋಪಿಯು ದೇವಿಯ ವೇಷದಲ್ಲಿ ಸದರಿ ವೇದಿಕೆಯ ಮೇಲೆ… ಹಂಗೇ ಬರುತ್ತೆ. ಅದರ ಹಿಂದೆ ನಂದು ಏನಿತ್ತೋ, ಸಿಗ್ತಿಲ್ಲ."

ಅವನು ಕೈಯಲ್ಲಿದ್ದ ಇಲ್ಲದ ಸೀರೆಯನ್ನು ಬಿಟ್ಟು, ಬಾಗಿ ಹಗ್ಗ ತೆಗೆದುಕೊಂಡ. ಕೆಳಗಿನಿಂದ ಗಾಡಿಯವನು ಹಾರ್ನ್ ಮಾಡಿದ.

"ಈ ಕಡೆ ಸ್ವಲ್ಪ ಒತ್ತಿ ಹಿಡ್ಕೊಳ್ಳಿ ಅಕ್ಕ" ಎಂದ.

ಹಿಡಿದುಕೊಂಡೆ. ಅವನು ಹಾಸಿಗೆಗೆ ಎರಡು ಸುತ್ತು ಹಗ್ಗ ಸುತ್ತಿ, ಮೊಣಕಾಲು ಊರಿ ಗಂಟು ಹಾಕಿ, ಹೆಗಲಿಗೆ ಎತ್ತಿಕೊಂಡು ಮೆಟ್ಟಿಲಿಳಿದ.